ಸಮರ ಸ್ಮರಣೆಯಲ್ಲಿ ನಮ್ಮ ಧರ್ಮ

(ಜವನಗೊಂಡನಹಳ್ಳಿ ದೇವಾಲಯದ ಶತಮಾನೋತ್ಸವದ ಸಂಜೆಯ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವವೆಂಬುದು ನೆನಪಿನ ಹಬ್ಬ. ಈ ಬೆಳಗಿನ ಬಲಿಪೂಜೆಯಲ್ಲಿ ಈ ದೇವಾಲಯಕ್ಕಾಗಿ ಕಲ್ಲು ಹೊತ್ತವರನ್ನೂ, ನಮ್ಮ ಹಿರಿಯರಿಗೆ ಜ್ಞಾನೋಪದೇಶ ಕಲಿಸಿದ ಉಪದೇಶಿಗಳನ್ನೂ, ಆಚೆಯ ಸಮಾಧಿಭೂಮಿಯಲ್ಲಿ ವಿಶ್ರಮಿಸುತ್ತಿರುವವರನ್ನೂ ಕೃತಜ್ಞತೆಯಿಂದ ಸ್ಮರಿಸಿದೆವು. ಅಂಥ ಸ್ಮರಣೆ ಸುಲಭವಾದದ್ದು. ಅದರಲ್ಲಿ ಯಾರಿಗೂ ನೋವಿಲ್ಲ. ಈಗ ನಾವು ಆಡಲಿರುವ ಮಾತು ಬೇರೊಂದು ಬಗೆಯ ನೆನಪನ್ನು ಕುರಿತದ್ದು. ಯುದ್ಧದ ನೆನಪು ಅದು. ಅದನ್ನು ಹೇಗೆ ಇಟ್ಟುಕೊಳ್ಳಬೇಕು, ಮಕ್ಕಳಿಗೆ ಹೇಗೆ ಒಪ್ಪಿಸಬೇಕು ಎಂಬುದು ಸುಲಭದ ಪ್ರಶ್ನೆಯಲ್ಲ.

ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟವರು ನಮ್ಮ ಯುವಕರು. ಹಬ್ಬಕ್ಕಾಗಿ ಒಂದು ನಾಟಕವನ್ನು ಆಡುವುದೆಂದು ನಿಶ್ಚಯಿಸಿ, ಅದರ ಹಸ್ತಪ್ರತಿಯನ್ನು ತಂದು ನಮ್ಮ ಕೈಗಿತ್ತರು. ಕರಾವಳಿಯ ಕ್ರೈಸ್ತರು ಶ್ರೀರಂಗಪಟ್ಟಣದಲ್ಲಿ ಸೆರೆಯಿದ್ದ ಕಥೆ ಅದರ ವಸ್ತು. ಚೆನ್ನಾಗಿ ಬರೆದಿದ್ದರು, ಓದುತ್ತ ನಮ್ಮ ಕಣ್ಣು ಒದ್ದೆಯಾಯಿತು. ಆದರೆ ಕೊನೆಯ ದೃಶ್ಯದಲ್ಲಿ ಎಳೆಯ ಬಾಲಕನೊಬ್ಬ ಕತ್ತಿಯನ್ನೆತ್ತಿ, ಏಳು ತಲೆಮಾರಿನವರೆಗೂ ಇದನ್ನು ಮರೆಯೆನೆಂದು ಶಪಥ ಮಾಡುತ್ತಿದ್ದ. ಹಸ್ತಪ್ರತಿಯನ್ನು ಮೂರು ದಿನ ನಮ್ಮಲ್ಲೇ ಇರಿಸಿಕೊಂಡೆವು. ನಾಲ್ಕನೆಯ ದಿನ ಅವರನ್ನು ಕರೆದು, ಈ ದೃಶ್ಯವನ್ನು ಇನ್ನೊಮ್ಮೆ ಆಲೋಚಿಸಿರೆಂದೆವು. ಅವರಲ್ಲೊಬ್ಬ ವಿನಯದಿಂದಲೇ, ಆದರೆ ನೇರವಾಗಿ ಕೇಳಿದ: "ಸ್ವಾಮಿ, ನಡೆದದ್ದನ್ನು ಹೇಳಬಾರದೇ?"

ಆ ಮಗುವಿಗೆ ಅಂದು ನಾವು ತೃಪ್ತಿಕರವಾದ ಉತ್ತರ ಕೊಡಲಿಲ್ಲ. ಇಂದಿನ ಈ ಭಾಷಣವೇ ಆ ಉತ್ತರವೆಂದು ಅವನು ಭಾವಿಸಲಿ.

ಮೊದಲನೆಯದಾಗಿ, ನಡೆದದ್ದನ್ನು ಹೇಳಲೇಬೇಕು. 1783ರಲ್ಲಿ ಇಂಗ್ಲಿಷರ ಸೇನೆ ಮಂಗಳೂರನ್ನು ಹಿಡಿಯಿತು. ಟಿಪ್ಪು ಸುಲ್ತಾನರು ದೀರ್ಘಕಾಲದ ಮುತ್ತಿಗೆಯ ಅನಂತರ 1784ರ ಆರಂಭದಲ್ಲಿ ಅದನ್ನು ಮರಳಿ ಪಡೆದರು. ಕೆನರಾದ ಕ್ರೈಸ್ತರು ಶತ್ರುವಿಗೆ ನೆರವಾದರೆಂಬ ಆರೋಪ ಹುಟ್ಟಿತು. ಆ ವರ್ಷದ ವಿಭೂತಿ ಬುಧವಾರದ ಸುಮಾರಿಗೆ ಅವರ ಬಂಧನ ನಡೆಯಿತೆಂದು ನಮ್ಮ ಪರಂಪರೆ ಹೇಳುತ್ತದೆ. ಮನೆಮಠಗಳು ಮುಟ್ಟುಗೋಲಾದವು; ಮಂಗಳೂರಿನ ಮಿಲಾಗ್ರಿಸ್ ದೇವಾಲಯವೂ ಸೇರಿದಂತೆ ಅನೇಕ ದೇವಾಲಯಗಳು ನೆಲಸಮವಾದವು. ಹೆಂಗಸರು, ಮಕ್ಕಳು, ಮುದುಕರೆನ್ನದೆ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಎಷ್ಟು ಮಂದಿ ಎಂಬುದರಲ್ಲಿ ಏಕಮತವಿಲ್ಲ. 30,000ದಿಂದ 80,000ದವರೆಗೆ ಬೇರೆ ಬೇರೆ ಲೆಕ್ಕಗಳಿವೆ. ದಾರಿಯಲ್ಲೇ ಸತ್ತವರು ಅನೇಕರು. ಬಲಾತ್ಕಾರದಿಂದ ಮತಾಂತರಗೊಂಡವರು ಅನೇಕರು. 1799ರ ಮೇ 4ರಂದು ಪಟ್ಟಣ ಬಿದ್ದ ಮೇಲೆಯೇ ಬದುಕುಳಿದವರಿಗೆ ಬಿಡುಗಡೆಯಾಯಿತು. ಹದಿನೈದು ವರ್ಷಗಳ ಆ ಸೆರೆಯನ್ನು ಸುಳ್ಳೆನ್ನುವುದಾಗಲಿ, ಕಿರಿದು ಮಾಡಿ ಹೇಳುವುದಾಗಲಿ ಸತ್ತವರಿಗೆ ಮಾಡುವ ಎರಡನೆಯ ಅನ್ಯಾಯ. ನಿಮ್ಮಲ್ಲಿ ಬಹುಪಾಲು ಈ ನೆಲದವರೇ. ಕೆಲವರ ಹಿರಿಯರು ನಮ್ಮ ಹಿರಿಯರಂತೆ ಕರಾವಳಿಯಿಂದ ಬಂದವರು. ನಮ್ಮ ಅಜ್ಜಿ ಈ ಕಥೆಯನ್ನು ಹೇಳುವಾಗ, ತಾನೇ ನಡೆದು ಬಂದವಳಂತೆ ಕಾಲು ನೀವಿಕೊಳ್ಳುತ್ತಿದ್ದಳು.

ಹಾಗಾದರೆ ನಮ್ಮ ಹಿಂಜರಿಕೆ ಏಕೆ? ಇದಕ್ಕೆ ನಮ್ಮದೇ ಒಂದು ತಪ್ಪನ್ನು ನಿವೇದಿಸಬೇಕಾಗಿದೆ.

ನಾವು ಗುರುಮಠದಿಂದ ಹೊರಬಂದ ಹೊಸತು. ಬೇರೊಂದು ಊರಿನ ದೇವಾಲಯದಲ್ಲಿ ಸಹಾಯಕ ಗುರುವಾಗಿದ್ದೆವು. ಊರಹಬ್ಬದ ಹಿಂದಿನ ಭಾನುವಾರ ಪ್ರಬೋಧನೆಯಲ್ಲಿ ಈ ಸೆರೆಯ ಕಥೆಯನ್ನು ಬಹು ಆವೇಶದಿಂದ ಹೇಳಿದೆವು. ಕ್ಷಮೆಯ ಮಾತಿಗೆ ಬರುವಷ್ಟರಲ್ಲಿ ಹೊತ್ತಾಗಿತ್ತು. ಅದನ್ನು ಎರಡು ವಾಕ್ಯದಲ್ಲಿ ಮುಗಿಸಿದೆವು. ಹೊರಗೆ ಅಂಗಳದ ಮರದಡಿಯಲ್ಲಿ, ಹಬ್ಬದೂಟದ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕಲು ಮುಸಲ್ಮಾನ ವೃದ್ಧರೊಬ್ಬರು ಕುಳಿತಿದ್ದರು. ಪೂಜೆ ಮುಗಿಸಿ ಹೊರಬಿದ್ದ ಹುಡುಗರು ಅವರನ್ನು ಸುತ್ತುವರಿದು, "ಟಿಪ್ಪು ಬಂದ, ಟಿಪ್ಪು ಬಂದ" ಎಂದು ಕೂಗಿ, ಅವರ ಒಲೆಯ ಬೆಂಕಿಗೆ ಮಣ್ಣೆರಚಿ ಓಡಿದರು. ಆ ವೃದ್ಧರು ಗದರಲಿಲ್ಲ. ಮತ್ತೆ ಇದ್ದಿಲು ಹೊತ್ತಿಸಿ, ತಿದಿ ಒತ್ತಿ, ಸಂಜೆಯವರೆಗೆ ಕೆಲಸ ಮಾಡಿದರು. ಕೂಲಿ ಕೊಡಲು ಹೋದಾಗ ನಮ್ಮೊಡನೆ ಹೇಳಿದ್ದು ಇಷ್ಟೇ: "ಫಾದ್ರೇ, ನಮ್ ತಾತಾನೂ ಕೂಲಿ ಮಾಡ್ದೋನೆ. ಆ ರಾಜ್ಯದಾಗೆ ನಮಗೇನೂ ಪಾಲು ಬರ್ಲಿಲ್ಲ. ಈ ಮಾತ್ನಾಗೆ ಮಾತ್ರ ಪಾಲು ಬಂತು."

ಹುಡುಗರನ್ನು ದಂಡಿಸುವ ಅಧಿಕಾರ ನಮಗಿತ್ತು. ದಂಡಿಸುವ ಬಾಯಿ ಇರಲಿಲ್ಲ. ಅವರು ಎರಚಿದ ಮಣ್ಣನ್ನು ಪೀಠದಿಂದ ಕೊಟ್ಟವರು ನಾವೇ. ನಾವು ಹೇಳಿದ ಇತಿಹಾಸದಲ್ಲಿ ಸುಳ್ಳಿರಲಿಲ್ಲ, ನಿಜ. ಆದರೆ ಅಂಗಳದಲ್ಲಿ ಕುಳಿತ ಆ ಮನುಷ್ಯರನ್ನು ಎದುರಿಗೆ ಕೂರಿಸಿಕೊಂಡಿದ್ದರೆ ನಾವು ಹಾಗೆ ಹೇಳುತ್ತಿದ್ದೆವೇ? ಖಂಡಿತ ಇಲ್ಲ. ಅಂದಿನಿಂದ ನಮಗೆ ಇದೇ ಒರೆಗಲ್ಲು. ಯುದ್ಧದ ನೆನಪನ್ನು ನೆರೆಯವನ ಎದುರಿಗೂ ಹೇಳಬಹುದಾದ ರೀತಿಯಲ್ಲಿ ಹೇಳಬೇಕು. ಸತ್ಯವನ್ನು ಮೊಟಕುಗೊಳಿಸಬೇಕೆಂದಲ್ಲ. ಪೂರ್ಣ ಸತ್ಯವನ್ನು ಹೇಳಿದಾಗ ಮಾತ್ರ ಎದುರಿಗೆ ಕುಳಿತವನ ಮುಖವನ್ನು ನೋಡಿ ಹೇಳಲು ಸಾಧ್ಯವಾಗುತ್ತದೆ.

ಪೂರ್ಣ ಸತ್ಯವೆಂದರೇನು? ಅದಕ್ಕಾಗಿ ದೂರ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ದುರ್ಗವನ್ನೇ ನೋಡೋಣ. ಚಿತ್ರದುರ್ಗದ ಕಲ್ಲಿನ ಕೋಟೆಯನ್ನು ಕಾಣಹೋದವರಿಗೆ ಓಬವ್ವನ ಕಿಂಡಿಯನ್ನು ತೋರಿಸುತ್ತಾರೆ. ಹೈದರಾಲಿಯ ಮುತ್ತಿಗೆಯ ಕಾಲದಲ್ಲಿ, ಕಾವಲುಗಾರ ಗಂಡ ಊಟಕ್ಕೆ ಬಂದಿದ್ದಾಗ, ಕಿಂಡಿಯಲ್ಲಿ ನುಸುಳಿದ ಸೈನಿಕರನ್ನು ಒನಕೆಯಿಂದ ಬಡಿದ ಆ ತಾಯಿಯ ಕಥೆಯನ್ನು ಕೇಳಿ ಬೆಳೆಯದ ಮಗು ಈ ಸೀಮೆಯಲ್ಲಿಲ್ಲ. 1972ರಲ್ಲಿ ಬಂದ 'ನಾಗರಹಾವು' ಚಲನಚಿತ್ರ ಆ ಕಥೆಯನ್ನು ನಾಡಿಗೆಲ್ಲ ಮುಟ್ಟಿಸಿತು. 2021ರಿಂದ ನವೆಂಬರ್ 11ರಂದು ಸರಕಾರವೇ ಆಕೆಯ ಜಯಂತಿಯನ್ನು ಆಚರಿಸುತ್ತಿದೆ. ಸಿಂಹಾಸನವಿಲ್ಲದ, ಬಡ ಕಾವಲುಗಾರನ ಹೆಂಡತಿಯೊಬ್ಬಳನ್ನು ನಾಡು ಹೀಗೆ ನೆನೆಯುವುದು ಸಂತೋಷದ ವಿಷಯ. ಆದರೂ ನಮ್ಮ ಮನಸ್ಸು ಒಂದು ಹೆಜ್ಜೆ ಮುಂದೆ ಹೋಗಬೇಕು. ಆ ಕಿಂಡಿಯಲ್ಲಿ ತಲೆ ತೂರಿಸಿದವರೂ ಯಾರದೋ ಮಕ್ಕಳು. ಕೂಳಿಗಾಗಿ ಸೇನೆಗೆ ಸೇರಿದವರು. ಅವರ ತಾಯಂದಿರು ಯಾವ ಊರಿನಲ್ಲಿ ಕಾಯುತ್ತಿದ್ದರೋ ಕೇಳಿದವರಿಲ್ಲ.

1779ರಲ್ಲಿ ದುರ್ಗ ಬಿದ್ದಿತು. ಮದಕರಿ ನಾಯಕರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದರು. ಅವರ ವಿಷಯದಲ್ಲಿ ಕಾವ್ಯ, ನಾಟಕ, ಕಾದಂಬರಿಗಳಿವೆ. ನಮ್ಮ ಜಿಲ್ಲೆಯವರೇ ಆದ ತ.ರಾ.ಸು. ಅವರ 'ದುರ್ಗಾಸ್ತಮಾನ'ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಆದರೆ ನಾಯಕರೊಡನೆ ಇನ್ನಾರು ಹೋದರು? ಇತಿಹಾಸಕಾರ ವಿಲ್ಕ್ಸ್ ಬರೆದಿರುವಂತೆ, ಬೇಡರ ಬಲವನ್ನು ಮುರಿಯಲು ಹೈದರಾಲಿ ಸುಮಾರು 20,000 ಜನರನ್ನು ಈ ಸೀಮೆಯಿಂದ ಕಿತ್ತು ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿದ. ವಯಸ್ಸಿಗೆ ಬಂದ ಹುಡುಗರನ್ನು ಮತಾಂತರಿಸಿ 'ಚೇಲಾ' ಎಂಬ ಪಡೆಗಳನ್ನು ಕಟ್ಟಿದ. ಕೋಟೆಯಲ್ಲಿ ಕಿಂಡಿಯನ್ನು ತೋರಿಸುತ್ತಾರೆ, ತೋಪನ್ನು ತೋರಿಸುತ್ತಾರೆ. ಆ 20,000 ಮಂದಿ ಯಾವ ಬಾಗಿಲಿನಿಂದ ಹೊರಟರೆಂದು ಕೇಳುವ ಯಾತ್ರಿಕರನ್ನು ನಾವು ಕಂಡಿಲ್ಲ.

ಪ್ರಿಯರೇ, ಈ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಿ. 1779ರಲ್ಲಿ ದುರ್ಗದ ಬೇಡರು, 1784ರಲ್ಲಿ ಕರಾವಳಿಯ ಕ್ರೈಸ್ತರು, ಅದರ ಬೆನ್ನಿಗೇ ಕೊಡಗಿನವರು. ಎಲ್ಲರನ್ನೂ ನುಂಗಿದ್ದು ಕಾವೇರಿಯ ಒಂದೇ ದ್ವೀಪ. ನಮ್ಮ ಅಜ್ಜಿಯ ಕಥೆಯಲ್ಲಿ ಬೇಡರ ತಾಯಂದಿರಿರಲಿಲ್ಲ. ದುರ್ಗದವರ ಕಥೆಯಲ್ಲಿ ನಮ್ಮ ತಾಯಂದಿರಿಲ್ಲ. ಒಂದೇ ನೀರು ಕುಡಿದವರನ್ನು ನಮ್ಮ ನೆನಪುಗಳು ಬೇರೆ ಬೇರೆ ಗೋಡೆಗಳ ಹಿಂದೆ ಕೂಡಿಹಾಕಿವೆ.

ಇನ್ನೂ ಒಂದು ಮಾತು. 1791ರಲ್ಲಿ ಮರಾಠರ ಸೇನೆಯೊಡನೆ ಬಂದ ದಂಡು ಶೃಂಗೇರಿ ಮಠವನ್ನು ಸೂರೆಮಾಡಿತು. ಮಠದ ಪುನರುದ್ಧಾರಕ್ಕೆ ಹಣವನ್ನೂ ಸಾಮಗ್ರಿಯನ್ನೂ ಕಳುಹಿಸಿದವರು ಅದೇ ಟಿಪ್ಪು ಸುಲ್ತಾನರು. ಆ ಬಗೆಗಿನ ಕನ್ನಡ ಪತ್ರಗಳು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರ ಪರಿಶೋಧನೆಯಿಂದ ಬೆಳಕಿಗೆ ಬಂದವು. ಇದರಿಂದ ನಮ್ಮ ಜನರ ಸೆರೆ ಅಳಿಸಿಹೋಗುವುದಿಲ್ಲ. ಸೆರೆಯಿಂದ ಈ ಪತ್ರಗಳೂ ಅಳಿಸಿಹೋಗುವುದಿಲ್ಲ. ಯುದ್ಧಕಾಲದ ಅರಸರು ಮತವನ್ನೂ ನೋಡುತ್ತಾರೆ, ಲಾಭವನ್ನೂ ನೋಡುತ್ತಾರೆ. ಇಡೀ ಕಥೆಯನ್ನು ಒಂದು ಮತದ ದುಷ್ಟತನವೆಂದು ಹೇಳಿಬಿಡುವುದು ಸುಲಭ. ಆದರೆ ಅದು ಸತ್ಯವಲ್ಲ.

2015ರಲ್ಲಿ ನಮ್ಮ ರಾಜ್ಯ ಸರಕಾರ ಟಿಪ್ಪು ಜಯಂತಿಯನ್ನು ಆರಂಭಿಸಿತು. ಆ ನವೆಂಬರ್ 10ರಂದು ಮಡಿಕೇರಿಯಲ್ಲಿ ಗಲಭೆಯಾಗಿ ಪ್ರಾಣಹಾನಿಯೂ ಆಯಿತು. 2019ರಲ್ಲಿ ಬೇರೊಂದು ಸರಕಾರ ಆ ಆಚರಣೆಯನ್ನು ಕೈಬಿಟ್ಟಿತು. ಯಾವುದು ಸರಿಯೆಂಬ ರಾಜಕೀಯ ಚರ್ಚೆ ಈ ವೇದಿಕೆಗೆ ಸಲ್ಲದು. ಒಂದನ್ನು ಮಾತ್ರ ಗಮನಿಸೋಣ. ನಾಲ್ಕು ವರ್ಷಗಳ ಆ ವಾದವಿವಾದದಲ್ಲಿ ಅರಸನ ಹೆಸರನ್ನು ಎಷ್ಟು ಸಾವಿರ ಸಲ ಕೇಳಿದೆವು! ಸೆರೆಯಲ್ಲಿ ಸತ್ತ ಒಬ್ಬ ಕೂಲಿಯವನ, ಒಬ್ಬ ಬಾಣಂತಿಯ ಹೆಸರನ್ನು ನಾವು ಕೇಳಲಿಲ್ಲ. ಸತ್ತವರಿಗಾಗಿ ನಡೆಯಬೇಕಾದ ನೆನಪು ಬದುಕಿರುವವರ ಜಗಳಕ್ಕೆ ಸೌದೆಯಾಯಿತು.

ನಮ್ಮ ಕನ್ನಡ ನಾಡಿಗೆ ಇದಕ್ಕಿಂತ ಉದಾರವಾದ ಪದ್ಧತಿಯೊಂದಿತ್ತು. ಊರಹೊರಗೆ ನಿಂತಿರುವ ವೀರಗಲ್ಲುಗಳನ್ನು ನೀವು ಕಂಡಿದ್ದೀರಿ. ಕೆಳಗೆ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ದೇವಕನ್ಯೆಯರು, ಮೇಲೆ ದೇವರ ಸನ್ನಿಧಿ. ಅನೇಕ ಕಲ್ಲುಗಳು ಅರಸರ ಗೆಲುವಿಗಾಗಿ ನೆಟ್ಟವಲ್ಲ. ಊರಿನ ದನಗಳನ್ನು ಕಳ್ಳರಿಂದ ಬಿಡಿಸಲು, ಹೆಣ್ಣುಮಕ್ಕಳ ಮಾನ ಕಾಯಲು ಸತ್ತವನಿಗಾಗಿ ಊರವರು ನೆಟ್ಟವು. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಕಲ್ಲು, ಹಂದಿಯೊಡನೆ ಹೋರಾಡಿ ಸತ್ತ 'ಕಾಳಿ' ಎಂಬ ನಾಯಿಯ ಸ್ಮರಣೆಗಾಗಿ ನಿಂತದ್ದು. ಇಂದು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯೊಂದರ ಹೆಸರನ್ನು ಸಾವಿರ ವರ್ಷ ಉಳಿಸಿದ ನಾಡು ನಮ್ಮದು. ಆದರೆ ಕಾದಿ ಸತ್ತವರಿಗೆ ಕಲ್ಲು ನೆಡುವ ಆ ಪದ್ಧತಿಯಲ್ಲಿ, ಕಾದದೆ ಸತ್ತವರಿಗೆ, ದಾರಿಯಲ್ಲಿ ಬಸವಳಿದು ಬಿದ್ದವರಿಗೆ ಸ್ಥಳವಿರಲಿಲ್ಲ.

ಆ ಸ್ಥಳವನ್ನು ನಮ್ಮ ಧರ್ಮಸಭೆ ಒಂದು ಕಡೆ ಕಲ್ಪಿಸಿದೆ; ನಾವು ಅದನ್ನು ಪ್ರತಿವರ್ಷ ಕಾಣುತ್ತಲೇ ಇದ್ದರೂ ಅರಿಯದವರಾಗಿದ್ದೇವೆ. ನವೆಂಬರ್ 2ರಂದು ಪ್ರತಿಯೊಬ್ಬ ಗುರುವಿಗೂ ಮೂರು ಬಲಿಪೂಜೆಗಳನ್ನು ಅರ್ಪಿಸುವ ಅನುಮತಿ ಇದೆಯಲ್ಲವೇ? ಸಮಸ್ತ ಧರ್ಮಸಭೆಗೆ ಆ ಅನುಮತಿಯನ್ನಿತ್ತವರು ಹದಿನೈದನೆಯ ಬೆನೆಡಿಕ್ಟ್ ಪೋಪರು, 1915ರ ಆಗಸ್ಟ್ ತಿಂಗಳಲ್ಲಿ. ಆಗ ಮೊದಲನೆಯ ಮಹಾಯುದ್ಧ ನಡೆಯುತ್ತಿತ್ತು. ಕಥೋಲಿಕರು ಎರಡು ಪಕ್ಷಗಳಲ್ಲಿಯೂ ನಿಂತು ಪರಸ್ಪರ ಕೊಲ್ಲುತ್ತಿದ್ದರು. ಪೋಪರು ಗೆದ್ದವರಿಗೊಂದು, ಸೋತವರಿಗೊಂದು ಪೂಜೆಯೆಂದು ವಿಭಾಗಿಸಲಿಲ್ಲ. ಸತ್ತವರ ಸಂಖ್ಯೆ ಪೀಠಗಳ ಸಂಖ್ಯೆಯನ್ನು ಮೀರಿತ್ತು. ಅವರೆಲ್ಲರಿಗಾಗಿ ಪ್ರಾರ್ಥನೆಯನ್ನು ಹೆಚ್ಚಿಸಿದರು. ನಮ್ಮ ಈ ಪುಟ್ಟ ದೇವಾಲಯದ ಪೀಠದ ಮೇಲೂ ಆ ಯುದ್ಧದ ನೆರಳು, ಆ ಪ್ರಾರ್ಥನೆಯ ಬೆಳಕು ಹೀಗೆ ಬಿದ್ದಿದೆ.

ನಮ್ಮ ಪ್ರಭು ಪುನರುತ್ಥಾನರಾಗಿ ಶಿಷ್ಯರ ನಡುವೆ ನಿಂತಾಗ ಕೈಗಳ ಗಾಯಗಳನ್ನು ಮುಚ್ಚಿಕೊಳ್ಳಲಿಲ್ಲ, ತೋಮನಿಗೆ ತೋರಿಸಿದರು. ಆದರೆ ಗಾಯ ಮಾಡಿದವರ ಹೆಸರನ್ನು ಕೇಳಿಬರಲು ಯಾರನ್ನೂ ಕಳುಹಿಸಲಿಲ್ಲ; ಬಾಗಿಲು ಮುಚ್ಚಿ ಅಂಜಿ ಕುಳಿತವರಿಗೆ ಶಾಂತಿಯನ್ನು ಕೋರಿದರು. ನೆನಪು ಹಾಗಿರಬೇಕು. ಗಾಯದ ಗುರುತು ಉಳಿಯಲಿ, ಸೇಡು ಉಳಿಯದಿರಲಿ. ತಂದೆಯ ಅಪರಾಧವನ್ನು ಮಗನ ತಲೆಗೆ ಕಟ್ಟಬಾರದೆಂದು ಪ್ರವಾದಿ ಎಜೆಕಿಯೇಲನು ಸೆರೆಯಲ್ಲಿದ್ದ ಜನರಿಗೇ ಬೋಧಿಸಿದನೆಂಬುದನ್ನು ಮರೆಯಬಾರದು. ಸೆರೆಯವರಿಗೇ ಆ ಬೋಧನೆ ಬೇಕಾಗಿದ್ದರೆ, ಅವರ ಮೊಮ್ಮಕ್ಕಳಾದ ನಮಗೆ ಅದು ಇನ್ನೆಷ್ಟು ಬೇಕು!

ಇತರರಿಂದ ನಾವು ಪಡೆದ ನೋವನ್ನು ಹೇಳುವ ಬಾಯಿ, ನಮ್ಮವರು ಇತರರಿಗೆ ಕೊಟ್ಟ ನೋವನ್ನೂ ಹೇಳಬೇಕು. 1560ರಲ್ಲಿ ಆರಂಭವಾಗಿ 1812ರಲ್ಲಿ ಕೊನೆಗೊಂಡ ಗೋವೆಯ ಮತವಿಚಾರಣೆ ನಮ್ಮ ಧರ್ಮಸಭೆಯ ಹೆಸರಿನಲ್ಲಿಯೇ ನಡೆಯಿತು. ಕರಾವಳಿಗೆ ಬಂದು ನೆಲಸಿದ ಕೊಂಕಣಿ ಕ್ರೈಸ್ತರಲ್ಲಿ ಅದಕ್ಕೆ ಅಂಜಿ ಬಂದವರೂ ಇದ್ದರು. ಆ ಅಧ್ಯಾಯವನ್ನು ಬಿಟ್ಟು 1784ರಿಂದ ಮಾತ್ರ ಕಥೆಯನ್ನು ಆರಂಭಿಸುವುದು ಪ್ರಾಮಾಣಿಕತೆಯಲ್ಲ. ಎರಡನೆಯ ಜಾನ್ ಪೌಲ್ ಪೋಪರು 1981ರ ಫೆಬ್ರವರಿ 25ರಂದು ಹಿರೋಷಿಮಾದಲ್ಲಿ ನಿಂತು, ಕಳೆದುದನ್ನು ನೆನೆಯುವವನು ಮುಂದಿನದಕ್ಕೆ ಹೊಣೆಯಾಗಬೇಕೆಂಬ ಭಾವದ ಮಾತನ್ನಾಡಿದರು. ಅವರೇ 2000ದ ಮಾರ್ಚ್ 12ರಂದು ರೋಮಿನಲ್ಲಿ, ಧರ್ಮಸಭೆಯ ಮಕ್ಕಳು ಶತಮಾನಗಳಲ್ಲಿ ಮಾಡಿದ ತಪ್ಪುಗಳಿಗಾಗಿ ದೇವರಲ್ಲಿ ಕ್ಷಮೆ ಬೇಡಿದರು. ವಯೋವೃದ್ಧರಾದ ಪೋಪರು ಅದನ್ನು ಮಾಡಿದ ಮೇಲೆ ನಮಗೆ ಸಂಕೋಚವೇಕೆ?

ಸೆರೆ ಮುಗಿದ ಮೇಲೆ ಏನು ಮಾಡಬೇಕೆಂಬುದಕ್ಕೂ ನಮಗೊಂದು ಮೇಲ್ಪಂಕ್ತಿ ಇದೆ. 1799ರ ಅನಂತರ, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಮೈಸೂರು ಸೀಮೆಗೆ ಬಂದವರು ಫ್ರೆಂಚ್ ಗುರು ಆಬೆ ದುಬುವಾ. ದಟ್ಟ ನೋವಿನ ಕಥೆಗಳನ್ನು ಅವರು ದಿನವೂ ಕೇಳಿರಬೇಕು. ನಿರ್ಗತಿಕರಾದ ಕುಟುಂಬಗಳಿಗೆ ಬೇಸಾಯದ ನೆಲೆ ಕಟ್ಟಿದರು. 1803–04ರಲ್ಲಿ ಸಿಡುಬು ಹಬ್ಬಿದಾಗ ಊರೂರು ಅಲೆದು 25,000ಕ್ಕೂ ಹೆಚ್ಚು ಜನರಿಗೆ ದಾಕು ಹಾಕಿಸಿದರೆಂದು ಲೆಕ್ಕವಿದೆ. ಸಿಡುಬಿಗೆ ಮತಭೇದವಿಲ್ಲ, ದಾಕಿಗೂ ಇರಲಿಲ್ಲ. ಸೆರೆಯ ನೆನಪನ್ನು ಹೊತ್ತ ಸಮುದಾಯದ ಗುರುವೊಬ್ಬರು ಆ ನೆನಪಿನಿಂದ ತೆಗೆದ ಫಲ ಇದು.

ಪ್ರಶ್ನೆ ಕೇಳಿದ ಯುವಕನಿಗೆ ಈಗ ನಮ್ಮ ಉತ್ತರ: ಮಗನೇ, ಹೇಳು. ನಿಶ್ಚಯವಿಲ್ಲದ ಅಂಕಿಯನ್ನು ದೊಡ್ಡದು ಮಾಡದೆ ಹೇಳು. ನಮ್ಮವರೊಡನೆ ಬೇಡರನ್ನೂ ಕೊಡಗಿನವರನ್ನೂ ಸೇರಿಸಿ ಹೇಳು. ಕಿಂಡಿಯ ಎರಡೂ ಕಡೆ ಸತ್ತವರನ್ನು ನೆನೆದು ಹೇಳು. ನಮ್ಮ ತಪ್ಪನ್ನು ಬಿಡದೆ ಹೇಳು. ಹೇಳುವಾಗ ಅಂಗಳದಲ್ಲಿ ಯಾರು ಕುಳಿತಿದ್ದಾರೆಂದು ಒಮ್ಮೆ ತಿರುಗಿ ನೋಡು.

ಈ ಶಿರಾ–ಹಿರಿಯೂರು ದಾರಿಯ ಬದಿಯಲ್ಲಿ ಬದುಕುವ ನಮಗೆ ಇದು ಹೊಸ ಪಾಠವಾಗಬೇಕಾಗಿಲ್ಲ. ಹೈದರಾಲಿಯ ಕಾಲದಲ್ಲಿ ಶಿರಾ ಪಟ್ಟಣ ಮೈಸೂರಿನವರ, ಮರಾಠರ ಕೈಯಿಂದ ಕೈಗೆ ಹೋಗುತ್ತಿತ್ತು. 1761, 1766, 1774 ಎಂದು ಇಸವಿಗಳನ್ನು ಎಣಿಸಬಹುದು. ಧ್ವಜ ಬದಲಾದಾಗಲೆಲ್ಲ ಈ ಬಯಲಿನ ರೈತನ ಕಣಜವೇ ಬರಿದಾಗಿರಬೇಕು. ಅವನ ಜಾತಿ ಮತಗಳನ್ನು ಯಾವ ದಂಡೂ ಕೇಳಿರಲಾರದು. ಆ ರೈತನ ಸಂತಾನ ಈ ಸಭೆಯಲ್ಲಿ ಎಲ್ಲ ಬೆಂಚುಗಳ ಮೇಲೂ ಕುಳಿತಿದೆ.

ಕಡೆಯದಾಗಿ ಎರಡು ವಿಜ್ಞಾಪನೆ. ಬರುವ ನವೆಂಬರ್ 2ರ ಮೂರು ಬಲಿಪೂಜೆಗಳಲ್ಲಿ ಮೊದಲನೆಯದನ್ನು ನಾವು ಆ ದ್ವೀಪದಲ್ಲಿಯೂ, ಅದರ ದಾರಿಗಳಲ್ಲಿಯೂ ಹೆಸರಿಲ್ಲದೆ ಸತ್ತ ಎಲ್ಲರಿಗಾಗಿ ಅರ್ಪಿಸಲಿದ್ದೇವೆ. ಕ್ರೈಸ್ತರು, ಬೇಡರು, ಕೊಡಗಿನವರು, ಕಾವಲು ನಿಂತ ಮುಸಲ್ಮಾನ ಸಿಪಾಯಿಗಳು, ಹೊರಗಿನಿಂದ ಬಂದು ಸತ್ತ ಇಂಗ್ಲಿಷ್ ಸಿಪಾಯಿಗಳು, ಯಾರನ್ನೂ ಬಿಡದೆ. ಬರಲು ಮನಸ್ಸುಳ್ಳ ಯಾವ ಮತದವರಿಗೂ ದೇವಾಲಯದ ಬಾಗಿಲು ತೆರೆದಿರುತ್ತದೆ. ಇನ್ನೊಂದು: ಈಗ ಸ್ವಲ್ಪ ಹೊತ್ತಿನಲ್ಲಿ ನಮ್ಮ ಯುವಕರ ನಾಟಕ ಆರಂಭವಾಗಲಿದೆ. ಕೊನೆಯ ದೃಶ್ಯವನ್ನು ಅವರೇ ಕೂತು ತಿದ್ದಿದ್ದಾರೆ. ಹೇಗೆ ತಿದ್ದಿದ್ದಾರೆಂದು ಹೇಳಿ ಅವರ ಶ್ರಮವನ್ನು ನಾವು ಕೆಡಿಸುವುದಿಲ್ಲ. ಕತ್ತಿಯನ್ನು ಮಾತ್ರ ತಾವೇ ತಂದು ನಮ್ಮ ಕೋಣೆಯ ಮೂಲೆಯಲ್ಲಿ ಇಟ್ಟುಹೋಗಿದ್ದಾರೆ. ತಾವೆಲ್ಲರೂ ಕುಳಿತು, ಕೊನೆಯವರೆಗೆ ನೋಡಿ, ಮಕ್ಕಳನ್ನು ಹರಸಬೇಕೆಂದು ಬೇಡಿಕೊಳ್ಳುತ್ತೇವೆ.

ಶಾಂತಿದಾತರಾದ ದೇವರು ಈ ಊರನ್ನೂ, ಇದರ ಎಲ್ಲ ಮನೆಗಳನ್ನೂ ಕಾಯಲಿ.